ಮೂಕಜ್ಜಿಯನ್ನು ಕಾಣಲು ಹೋದದ್ದು

ಕಣ್ಣಿಗೆ ಕಾಣದ್ದನ್ನು ಸುಲಭಕ್ಕೆ ನಂಬದ, ಮಕ್ಕಳಿಗೆ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದುಕೊಟ್ಟ ಶಿವರಾಮ ಕಾರಂತರು 1968ರಲ್ಲಿ ಒಂದು ಕಾದಂಬರಿ ಪ್ರಕಟಿಸಿದರು. ಅದರೊಳಗೆ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ. ಯಾವುದೋ ಕಾಲದ ವಸ್ತುವೊಂದನ್ನು ಅವಳ ಕೈಗೆ ಕೊಟ್ಟರೆ ಸಾಕು. ಅದನ್ನು ಬಳಸಿದ ಜನ, ಅವರ ಹಸಿವು, ಅವರ ದೇವರು, ಅವರ ಜಗಳ ಎಲ್ಲವೂ ಅವಳ ಕಣ್ಣೆದುರು ಬಂದು ನಿಲ್ಲುತ್ತವೆ. ಈ ಶಕ್ತಿ ಎಲ್ಲಿಂದ ಬಂತು ಎಂಬುದಕ್ಕೆ ಕಾರಂತರು ವರ, ತಪಸ್ಸು, ಮಂತ್ರ ಯಾವುದನ್ನೂ ಕಾರಣವಾಗಿ ಮುಂದಿಡುವುದಿಲ್ಲ. ಅಜ್ಜಿಗೆ ಕಾಣುತ್ತದೆ, ಅಷ್ಟೆ. ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಲೇಖಕರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಾಗ ನಮ್ಮ ಕಡೆಯವರು ಹೆಮ್ಮೆಪಟ್ಟರು. ಓದಿದವರಿಗಿಂತ ಹೆಮ್ಮೆಪಟ್ಟವರೇ ಹೆಚ್ಚು ಎಂದು ಅಮ್ಮ ಹೇಳುತ್ತಾರೆ.

ನಮ್ಮ ಕಡೆ ಎಂದರೆ ಕೋಟ, ಸಾಲಿಗ್ರಾಮ, ತೆಕ್ಕಟ್ಟೆ. ಕಾರಂತರು 1902ರ ಅಕ್ಟೋಬರ್ 10ರಂದು ಹುಟ್ಟಿದ್ದು ಕೋಟದಲ್ಲಿ. ಹಾಗಾಗಿ ನಮಗೆ ಅವರು ಸಾಹಿತಿಯಾಗುವುದಕ್ಕೆ ಮೊದಲೇ ಊರಿನವರು. ಅವರ ಸಿಟ್ಟಿನ ಕಥೆಗಳು ಓಡಾಡುತ್ತಿದ್ದವು. 1936ರಲ್ಲಿ ಅವರು ಬಂಟರ ಮನೆಯ ಲೀಲಾ ಅವರನ್ನು ಮದುವೆಯಾದದ್ದನ್ನು, ಅದಾಗಿ ಐವತ್ತು ವರ್ಷ ಕಳೆದ ಮೇಲೂ, ನಿನ್ನೆ ನಡೆದಂತೆ ದನಿ ತಗ್ಗಿಸಿ ಹೇಳುವವರು ಇದ್ದರು. ಪುಸ್ತಕಗಳ ಮಾತು ಬರುತ್ತಿದ್ದದ್ದು ಕೊನೆಗೆ. ನಾನು ‘ಮೂಕಜ್ಜಿ’ ಓದಿದ್ದು ಕುಂದಾಪುರದ ಭಂಡಾರ್‌ಕಾರ್ಸ್ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ. ಆಗ ನನ್ನನ್ನು ಹಿಡಿದು ಕೂರಿಸಿದ್ದು ಅಜ್ಜಿಯ ಕನಸುಗಳೇ. ಬೇಟೆಯಾಡುತ್ತಿದ್ದ ಜನ, ತಾಯಿಯನ್ನು ದೇವರೆಂದು ಕಂಡ ಜನ, ಗಂಡುದೇವರುಗಳನ್ನು ಕಟ್ಟಿಕೊಂಡ ಜನ, ಸಂಸಾರ ಬಿಟ್ಟು ಹೋದ ಸನ್ಯಾಸಿಗಳು ಹೀಗೆ ಸಾವಿರಾರು ವರ್ಷಗಳು ಒಂದು ಹಳ್ಳಿಮನೆಯ ಜಗಲಿಯಲ್ಲಿ ಹಾದುಹೋಗುವ ವಿಸ್ತಾರ ಅದು. ಅಂಥ ಕಲ್ಪನೆ ಬೇರೆ ಯಾವ ಕನ್ನಡ ಕಾದಂಬರಿಯಲ್ಲೂ ನನಗೆ ಸಿಕ್ಕಿಲ್ಲ.

ನಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇದ್ದರು. ನನ್ನ ಅಜ್ಜನ ಕಿರಿಯ ತಂಗಿ. ಎಲ್ಲರಿಗೂ ಅವರು ಸಣ್ಣಜ್ಜಿ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡು, ಹದಿನಾರೋ ಹದಿನೇಳೋ ವಯಸ್ಸಿಗೆ ತಿರುಗಿ ತವರಿಗೆ ಬಂದವರು. ತಲೆ ಬೋಳಿಸುವ ಪದ್ಧತಿ ಅವರ ಕಾಲಕ್ಕೆ ನಿಲ್ಲುತ್ತ ಬಂದಿತ್ತು. ಅದೊಂದು ತಪ್ಪಿತು. ಉಳಿದದ್ದು ಯಾವುದೂ ತಪ್ಪಲಿಲ್ಲ. ಅಡಿಗೆಮನೆ, ಬಾವಿಕಟ್ಟೆ, ಕೊಟ್ಟಿಗೆ, ಬಾಣಂತನ, ಶ್ರಾದ್ಧದ ಅಡಿಗೆ, ಹಪ್ಪಳ ಸಂಡಿಗೆ, ಮೂರು ತಲೆಮಾರಿನ ಮಕ್ಕಳ ಎಣ್ಣೆಸ್ನಾನ. ಮದುವೆಮನೆಯಲ್ಲಿ ಒಳಗೆ ದುಡಿಯುವುದಕ್ಕೆ ಬೇಕು, ಹೊರಗೆ ಮಂಟಪದ ಹತ್ತಿರ ಬರುವಂತಿಲ್ಲ. ಅವರು ಇದನ್ನೆಲ್ಲ ಯಾರ ಎದುರೂ ಆಡಿಕೊಂಡದ್ದನ್ನು ನಾನು ಕೇಳಿಲ್ಲ. ಮೂಕಜ್ಜಿ ಬಾಲವಿಧವೆ ಎಂಬುದನ್ನು ಓದಿದಾಗ ನನಗೆ ನೆನಪಾಗಬೇಕಾಗಿದ್ದದ್ದು ಇವರೇ. ಆದರೆ ಪುಸ್ತಕದ ಅಜ್ಜಿ ಬಹಳ ದೊಡ್ಡವಳು, ಕಾಲವನ್ನೇ ಅಳೆಯುವವಳು. ಅವಳಿಗೂ ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊತ್ತು ಬರುವ ಹೆಂಗಸಿಗೂ ನಡುವೆ ಇರುವುದು ಒಂದೇ ಒಂದು ಗೋಡೆ ಎಂದು ತಿಳಿಯಲು ಸಿನಿಮಾ ಬರಬೇಕಾಯಿತು.

2019ರ ನವೆಂಬರ್ ಕೊನೆಯಲ್ಲಿ ಬಂತು ಅದು. ನಿರ್ದೇಶಕ ಪಿ. ಶೇಷಾದ್ರಿ. ಕಾರಂತರ ‘ಬೆಟ್ಟದ ಜೀವ’ವನ್ನು ಅವರು ಮೊದಲೇ ತೆರೆಗೆ ತಂದಿದ್ದರು. ಮೂಕಜ್ಜಿಯಾಗಿ ಬಿ. ಜಯಶ್ರೀ, ಮೊಮ್ಮಗ ಸುಬ್ಬರಾಯನಾಗಿ ಅರವಿಂದ್ ಕುಪ್ಲೀಕರ್. ಪೇಪರಿನಲ್ಲಿ ಬಂದ ಸಣ್ಣ ಜಾಹೀರಾತನ್ನು ಅಮ್ಮ ಗಟ್ಟಿಯಾಗಿ ಓದುತ್ತಿದ್ದಾಗ, ಬಾಗಿಲ ಹತ್ತಿರ ಹೂಬತ್ತಿ ಹೊಸೆಯುತ್ತ ಕೂತಿದ್ದ ಸಣ್ಣಜ್ಜಿ ತಲೆ ಎತ್ತಿದರು.

“ಕಾರಂತ್ರ ಅಜ್ಜಿ ಕಥೆಯಾ? ನಾನೂ ಬತ್ತೆ.”

ಮನೆಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಸಣ್ಣಜ್ಜಿ ಥಿಯೇಟರಿನ ಒಳಗೆ ಕಾಲಿಟ್ಟವರೇ ಅಲ್ಲ. ಶಿವರಾಮ ಕಾರಂತರ ಕಾದಂಬರಿಯಿಂದ ಬಂದ ‘ಚೋಮನ ದುಡಿ’ ಚಿತ್ರ ಕುಂದಾಪುರಕ್ಕೆ ಬಂದಾಗ ಮನೆಯ ಹೆಂಗಸರೆಲ್ಲ ಬಾಡಿಗೆ ಕಾರು ಮಾಡಿಕೊಂಡು ಹೋಗಿದ್ದರಂತೆ. ಬಿ.ವಿ. ಕಾರಂತರು ನಿರ್ದೇಶಿಸಿದ ಆ ಚಿತ್ರಕ್ಕೆ 1975ರ ಸ್ವರ್ಣಕಮಲ ಬಂದಿತ್ತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಊರಿಗೆ ಊರೇ ಹೋಗುತ್ತಿದ್ದ ಆ ಹೊತ್ತಿನಲ್ಲೂ ಸಣ್ಣಜ್ಜಿಯನ್ನು ಕರೆದವರಿಲ್ಲ. ದನ ಕರೆಯುವುದಕ್ಕೆ ಒಬ್ಬರು ಮನೆಯಲ್ಲಿ ಬೇಕಲ್ಲ! ಅಮ್ಮನಿಗೆ ಆ ದಿನ ಇನ್ನೂ ನೆನಪಿದೆ. ಆಗಿನ್ನೂ ಅವರು ಹೊಸ ಸೊಸೆ. ಕಾರು ಹತ್ತುವಾಗ ಅಂಗಳದ ತುದಿಯಲ್ಲಿ ಸಣ್ಣಜ್ಜಿ ನಿಂತಿದ್ದರೆಂದೂ ಅದನ್ನು ಕಂಡೂ ತಾನು ಬಾಯಿ ಬಿಡುವ ಹಾಗಿರಲಿಲ್ಲವೆಂದೂ ಅವರು ನನ್ನ ಹತ್ತಿರ ಹೇಳಿದ್ದಾರೆ.

ಬೈಂದೂರಿನಿಂದ ಅತ್ತೆಯೂ ಬರುತ್ತೇನೆಂದರು. ಅವರ ಮನೆಯಲ್ಲಿ ಪ್ರತಿ ಹೆಣ್ಣುಮಗುವಿಗೂ ಕೊಲ್ಲೂರಿನ ತಾಯಿಯದೊಂದು ಹೆಸರು ಇದ್ದೇ ಇರುತ್ತದೆ. ಮೂಕಾಂಬಿಕೆ ಎಂಬ ಹೆಸರಿನ ಅಜ್ಜಿಯ ಸಿನಿಮಾವನ್ನು ಬಿಡುವುದುಂಟೆ? ಬೆಳಿಗ್ಗೆ ಬಸ್ಸು ಹಿಡಿದು, ಮರವಂತೆಯಲ್ಲಿ ಸಮುದ್ರಕ್ಕೂ ಸೌಪರ್ಣಿಕೆಗೂ ನಡುವೆ ಹಾದು, ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿದರು. ಕುಂದಾಪುರದ ಫ್ಲೈಓವರ್ ಆಗ ಅರ್ಧಕ್ಕೆ ನಿಂತಿತ್ತು. ಧೂಳು ಕುಡಿಯುತ್ತ ಅಲ್ಲಿ ನಿಂತಿದ್ದ ಅತ್ತೆಯನ್ನು ಅಣ್ಣನ ಕಾರಿನಲ್ಲಿ ಕರೆತಂದೆವು. ಬೆಂಗಳೂರಿನಿಂದ ರಜೆಗೆಂದು ಬಂದಿದ್ದ ಅಣ್ಣನ ಮಗನೂ ಜೊತೆಗೂಡಿದ. ಮಣಿಪಾಲದ ಮಲ್ಟಿಪ್ಲೆಕ್ಸಿಗೆ ಮಧ್ಯಾಹ್ನದ ಆಟಕ್ಕೆ ಹೊರಟೆವು. ಸಣ್ಣಜ್ಜಿ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಒಂದು ಚೀಲ. ಅದರಲ್ಲಿ ಬಾಟಲಿ ನೀರು, ಒಗ್ಗರಣೆ ಅವಲಕ್ಕಿ, ಒಂದು ಶಾಲು.

ಹೆದ್ದಾರಿ 66ರಲ್ಲಿ ಕುಂದಾಪುರದಿಂದ ಮಣಿಪಾಲಕ್ಕೆ ಹೋಗುವುದೆಂದರೆ ಕಾರಂತರ ಊರಿನ ಹೊಟ್ಟೆಯೊಳಗಿಂದಲೇ ಹೋಗುವುದು. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್. ಅಲ್ಲಿ ಪಂಚಾಯಿತಿ ಪ್ರತಿ ವರ್ಷ ಅವರ ಹೆಸರಿನಲ್ಲಿ ‘ಹುಟ್ಟೂರ ಪ್ರಶಸ್ತಿ’ ಕೊಡುತ್ತದೆ. ಗ್ರಾಮ ಪಂಚಾಯಿತಿಯೊಂದು ಲೇಖಕನನ್ನು ಹೀಗೆ ನೆನೆಯುವುದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಪಡುವಲಿಗೆ ಹೋದರೆ ಕೋಡಿಯ ಮರಳು. ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ರಾಮ ಐತಾಳರ ಮನೆ ಇದ್ದದ್ದು ಅಂಥ ಮರಳಿನ ಮೇಲೆ. ಸಾಲಿಗ್ರಾಮ ದಾಟುವಾಗ ಸಣ್ಣಜ್ಜಿ ಗುರುನರಸಿಂಹನಿಗೆ ಕೂತಲ್ಲೇ ಕೈ ಮುಗಿದರು. ಕಾರಂತರನ್ನು ಆ ಪೇಟೆಯಲ್ಲಿ ನಡೆದು ಹೋಗುವಾಗ ಕಂಡಿದ್ದೆ, ಬಿಳಿ ತಲೆ, ಯಾರನ್ನೂ ನೋಡದ ಹಾಗೆ ನಡಿಗೆ ಎಂದರು. ಮಾತಾಡಿಸಿದ್ದರಾ ಎಂದು ಕೇಳಿದೆ. ಗಂಡಸರನ್ನು ಬೀದಿಯಲ್ಲಿ ಮಾತಾಡಿಸುವುದುಂಟಾ ಎಂಬಂತೆ ನನ್ನ ಕಡೆ ತಿರುಗಿದರು.

ಹಿಂದಿನ ಸೀಟಿನಲ್ಲಿ ಅಣ್ಣನ ಮಗನಿಗೆ ಬೇರೆಯೇ ಚಿಂತೆ. ಹ್ಯಾರಿ ಪಾಟರ್ ಪುಸ್ತಕಗಳನ್ನೂ ಸಿನಿಮಾಗಳನ್ನೂ ಅರೆದು ಕುಡಿದ ಹುಡುಗ. ಮೂಕಜ್ಜಿಯ ವಿಷಯ ನಾನು ಹೇಳಿದಾಗಿನಿಂದ ಅವನ ಪ್ರಶ್ನೆಗಳು ನಿಂತಿರಲಿಲ್ಲ. ಮುಟ್ಟಿದ ಕೂಡಲೇ ಕಾಣುತ್ತದಾ? ಪ್ಲಾಸ್ಟಿಕ್ ಬಾಟಲಿ ಮುಟ್ಟಿದರೂ ಕಾಣುತ್ತದಾ? ಅವಳಿಗೆ ಕಲಿಸಿದ್ದು ಯಾರು, ಶಾಲೆ ಯಾವುದು? ಅವನ ಲೋಕದಲ್ಲಿ ಮಾಯಾಶಕ್ತಿಗೊಂದು ಶಾಲೆ, ಮೇಷ್ಟರು, ಪರೀಕ್ಷೆ ಎಲ್ಲ ಇವೆ. ನ್ಯಾಯವಾದ ಪ್ರಶ್ನೆಯೇ. ಅತ್ತೆ ಏನೋ ದೇವಿಯ ಕೃಪೆ ಎಂದು ಶುರುಮಾಡಿದರು. ಸಣ್ಣಜ್ಜಿ ಹಿಂದಿರುಗಿ ನೋಡದೆಯೇ ಹೇಳಿದರು: “ಸುಮ್ನೆ ಕೂಕಂಡ್ರ್‌ಗೆ ಎಲ್ಲ ಕಾಂತ್ ಮಾಣಿ.”

ಮಾಬುಕಳ ಸೇತುವೆಯ ಮೇಲೆ ಅವರು ಕಿಟಕಿಯ ಗಾಜು ಇಳಿಸಲು ಹೇಳಿ, ಹೊಳೆಯ ಕಡೆ ನೋಡುತ್ತ ಸುಮ್ಮನಾದರು. ಬ್ರಹ್ಮಾವರದಲ್ಲಿ ಎಳನೀರಿಗೆ ನಿಲ್ಲಿಸಿದೆವು. ಆಮೇಲೆ ನೇರ ಮಣಿಪಾಲ. ಕಾರಂತರು 1997ರ ಡಿಸೆಂಬರ್ 9ರಂದು ಕೊನೆಯುಸಿರು ಎಳೆದದ್ದೂ ಮಣಿಪಾಲದಲ್ಲಿ. ಅಂದು ನಮ್ಮ ಊರುಗಳಲ್ಲಿ ಕವಿದ ಮೌನ ನನಗೆ ನೆನಪಿದೆ.

ಥಿಯೇಟರಿನಲ್ಲಿ ಜನ ಹೆಚ್ಚಿರಲಿಲ್ಲ. ಕೆಲವು ಮೇಷ್ಟರುಗಳು, ನಿವೃತ್ತರು, ಕಾಲೇಜಿನ ನಾಲ್ಕಾರು ಹುಡುಗಿಯರು. ಮೂರು ವರ್ಷ ಕಳೆದು 2022ರಲ್ಲಿ ‘ಕಾಂತಾರ’ ಬಂದಾಗ ಇದೇ ಹೆದ್ದಾರಿಯ ಉದ್ದಕ್ಕೂ ಟಿಕೆಟ್ಟಿಗೆ ಜನ ಮುಗಿಬಿದ್ದದ್ದನ್ನು ಕಂಡೆ. ಕುಂದಾಪುರ ತಾಲ್ಲೂಕಿನ ಕೆರಾಡಿಯ ರಿಷಬ್ ಶೆಟ್ಟಿ ತನ್ನ ಊರಿನ ನೆಲದಲ್ಲೇ ಚಿತ್ರೀಕರಿಸಿ ದೇಶಕ್ಕೆಲ್ಲ ತೋರಿಸಿದ ಚಿತ್ರ ಅದು. ನನಗೂ ಮೈ ನವಿರೆದ್ದಿತ್ತು. ಅಲ್ಲಿ ಕಾಣದ ಶಕ್ತಿ ಬೆಂಕಿಯ ಬೆಳಕಿನಲ್ಲಿ, ಕೂಗಿನಲ್ಲಿ, ಗಂಡಸಿನ ಮೈಮೇಲೆ ಬರುತ್ತದೆ. ಮೂಕಜ್ಜಿಯಲ್ಲಿ ಅದು ಒಬ್ಬ ಮುದುಕಿಯ ಅಂಗೈಯಲ್ಲಿ ಸದ್ದಿಲ್ಲದೆ ಬಂದು ಕೂರುತ್ತದೆ. ರಾತ್ರಿಯಿಡೀ ದೊಂದಿಯ ಬೆಳಕಿನಲ್ಲಿ ಮಹಿಷಾಸುರನ ಪ್ರವೇಶ ಕಂಡು ಬೆಳೆದ ನಮಗೆ, ಮಂದಾರ್ತಿ ಮೇಳದ ‘ದೇವಿ ಮಹಾತ್ಮೆ’ ಹರಕೆ ಹೊತ್ತು ಆಡಿಸುವ ನಮಗೆ, ಮೊದಲನೆಯದು ಕೂಡಲೇ ಅರ್ಥವಾಗುತ್ತದೆ. ಎರಡನೆಯದಕ್ಕೆ ಕಿವಿ ಬೇರೆ ಬೇಕು.

ಕಾದಂಬರಿಯ ಆ ಸಾವಿರಾರು ವರ್ಷಗಳನ್ನು ತೆರೆಯ ಮೇಲೆ ತರುವುದು ಹೇಗೆ ಎಂಬ ಕುತೂಹಲ ನನ್ನದು. ಸಿನಿಮಾ ನೋಡುತ್ತ ಹೋದ ಹಾಗೆ ನನಗೆ ಅನ್ನಿಸಿದ್ದು, ಅದರ ಒಲವು ಕನಸುಗಳಿಗಿಂತ ಅಜ್ಜಿಯ ಊರಾದ ಮೂಡೂರಿನ ಮನುಷ್ಯರ ಕಡೆಗೇ ಹೆಚ್ಚು ಎಂದು. ಕಾಲೇಜಿನ ದಿನಗಳಲ್ಲಿ ಕಂಡ ವಿಸ್ತಾರ ಕಡಿಮೆಯಾಯಿತಲ್ಲ ಎಂದು ಮೊದಲು ಬೇಸರವಾಯಿತು. ಆದರೆ ಪುಸ್ತಕದಲ್ಲಿ ಇಲ್ಲದ್ದೊಂದು ಸಿನಿಮಾದಲ್ಲಿತ್ತು. ಅದು ದನಿ. ಓದುವಾಗ ಮೂಕಜ್ಜಿಯ ಮಾತುಗಳೆಲ್ಲ ನನಗೆ ಕಾರಂತರ ದನಿಯಲ್ಲೇ ಕೇಳಿಸುತ್ತಿದ್ದವು. ವಾದ ಮಾಡುವ, ಖಂಡಿಸುವ, ಬುದ್ಧಿವಂತ ಗಂಡಸಿನ ದನಿ. ಜಯಶ್ರೀಯವರು ಗುಬ್ಬಿ ವೀರಣ್ಣನವರ ಮೊಮ್ಮಗಳು. ಕಂಪನಿ ನಾಟಕದಲ್ಲಿ ಹದಗೊಂಡ ಕಂಠ. ‘ನನ್ನ ಪ್ರೀತಿಯ ಹುಡುಗಿ’ ಚಿತ್ರದಲ್ಲಿ ಅವರು ಹಾಡಿದ್ದನ್ನು ಕೇಳಿದವರಿಗೆ ಆ ಗಂಟಲು ಮರೆಯುವುದಿಲ್ಲ. ಆ ಕಂಠದಿಂದ ಬಂದಾಗ ಅದೇ ವಿಚಾರಗಳು ಕಂಡು ಉಂಡ ಹೆಂಗಸಿನ ಮಾತಾದವು. ದೇವರು, ಧರ್ಮ, ಗಂಡು ಹೆಣ್ಣಿನ ಬಯಕೆ, ಇವುಗಳ ಬಗ್ಗೆ ಮೂಕಜ್ಜಿಯ ನಿಲುವನ್ನು ಓದುವಾಗ ತತ್ತ್ವವೆಂದುಕೊಂಡಿದ್ದೆ. ಸಂಸಾರವೆಂಬುದೇ ಸಿಕ್ಕದ ಹೆಣ್ಣೊಬ್ಬಳು ಸಂಸಾರವನ್ನು ಹಳಿಯದೆ ಅದರ ಪರವಾಗಿ ನಿಲ್ಲುತ್ತಾಳೆ ಎಂಬುದು ಎಷ್ಟು ದೊಡ್ಡ ಮಾತು! ಕಾದಂಬರಿಯ ಅದ್ಭುತ ಇರುವುದು ಅಲ್ಲಿ.

ಇನ್ನೊಂದು ಇದೆ. ಅದನ್ನು ತೋರಿಸಿಕೊಟ್ಟವರು ಸಣ್ಣಜ್ಜಿ.

ಅವರು ಸಿನಿಮಾದ ಉದ್ದಕ್ಕೂ ಶಾಲು ಹೊದ್ದು ಮುಂದಕ್ಕೆ ಬಾಗಿ ಕೂತಿದ್ದರು. ಅಣ್ಣನ ಮಗ ಮಧ್ಯದಲ್ಲೇ ಅಮ್ಮನ ತೋಳಿಗೆ ಒರಗಿ ನಿದ್ದೆ ಹೋದ. ಇಂಟರ್‌ವಲ್ಲಿನಲ್ಲಿ ಸಣ್ಣಜ್ಜಿ ಏಳಲಿಲ್ಲ. ದೀಪ ಹತ್ತಿದ ಮೇಲೂ ಖಾಲಿ ಪರದೆಯನ್ನೇ ನೋಡುತ್ತಿದ್ದರು. ಏನು ಅನ್ನಿಸಿತು ಎಂದು ಕೇಳಿದೆ. ಕನಸಿನ ಸುದ್ದಿ, ಮುಟ್ಟಿ ಕಾಣುವ ಸುದ್ದಿ ಅವರು ಎತ್ತಲೇ ಇಲ್ಲ.

“ಆ ಮಾಣಿ ಎದ್ರಿಗೆ ಕೂಕಂಡ್ ಕೇಂತ ಕಾಣ್. ನಮ್ಮತ್ರ ಹಾಂಗೆ ಯಾರ್ ಕೇಂಡ್ರ್?”

ನಾನು ಕಾದಂಬರಿಯನ್ನು ಎಷ್ಟೋ ಸಲ ತಿರುವಿಹಾಕಿದ್ದೆ. ಸುಬ್ಬರಾಯ ನನಗೆ ಬರಿಯ ನಿರೂಪಕ, ಅಜ್ಜಿಯನ್ನು ಮಾತಾಡಿಸಲು ಲೇಖಕ ಮಾಡಿಕೊಂಡ ಅನುಕೂಲ. ಸಣ್ಣಜ್ಜಿಗೆ ಆ ಕಥೆಯಲ್ಲಿ ನಂಬಲಾಗದ ಸಂಗತಿ ಎಂದರೆ ಅವನೇ. ವಿದ್ಯಾವಂತನಾದ ಗಂಡುಹುಡುಗನೊಬ್ಬ ವಿಧವೆ ಅಜ್ಜಿಯ ಎದುರು ಕೂತು, ಅದೇನು ಕಂಡಿರಿ ಹೇಳಿ ಎಂದು ಕೇಳುತ್ತಾನೆ, ಉತ್ತರಕ್ಕೆ ಕಾಯುತ್ತಾನೆ, ಮರುದಿನ ಮತ್ತೆ ಬಂದು ಕೂರುತ್ತಾನೆ. ಮುಟ್ಟಿದ ಕೂಡಲೇ ಐದು ಸಾವಿರ ವರ್ಷ ಹಿಂದಿನದು ಕಾಣುವುದು ಅವರಿಗೆ ಸಹಜ. ಎದುರಿಗೆ ಕೂತು ಕೇಳುವ ಮನುಷ್ಯ ಇರುವುದು ಮಾತ್ರ ಕಟ್ಟುಕಥೆ.

ಹಿಂದಿರುಗುವಾಗ ಅವರು ಹಿಂದಿನ ಸೀಟಿಗೆ, ನನ್ನ ಪಕ್ಕಕ್ಕೆ ಬಂದರು. ಸಂತೆಕಟ್ಟೆ ದಾಟುವಷ್ಟರಲ್ಲಿ ಕತ್ತಲು. ನಾನು ಕೇಳಿದೆ. ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನೇ ಕೇಳಿದೆ. ಗಂಡನ ಮುಖ ನೆನಪಿದೆಯಾ ಸಣ್ಣಜ್ಜಿ ಎಂದು. ಮುಂದೆ ಕೂತಿದ್ದ ಅಮ್ಮ ಥಟ್ಟನೆ ತಿರುಗಿದರು. ಸಣ್ಣಜ್ಜಿಗೆ ಬೇಸರವಾದಂತೆ ಕಾಣಲಿಲ್ಲ.

“ಮೊಕ ನೆನಪಿಲ್ಲೆ ಹೆಣ್ಣೆ. ದೋಣಿ ನೆನಪಿತ್ತ್.”

ಸೇತುವೆಗಳಿಲ್ಲದ ಕಾಲ. ಕುಂದಾಪುರದಿಂದ ಬಡಗಿಗೆ ಹೋಗಬೇಕಾದರೆ ದೋಣಿಯೇ ಗತಿ. ಗಂಗೊಳ್ಳಿಯ ಹತ್ತಿರ ಐದು ಹೊಳೆಗಳು ಕೂಡಿ ಸಮುದ್ರ ಸೇರುವಲ್ಲಿ ನೀರು ಎಷ್ಟು ಅಗಲ ಎಂಬುದು ಇವತ್ತು ಸೇತುವೆಯ ಮೇಲೆ ಐದು ನಿಮಿಷದಲ್ಲಿ ಹಾದುಹೋಗುವವರಿಗೆ ತಿಳಿಯುವುದಿಲ್ಲ. ಅವರ ದಿಬ್ಬಣ ಅದನ್ನು ದಾಟಿ ಗಂಡನ ಮನೆಗೆ ಹೋಗಿತ್ತು. ದೋಣಿಯಲ್ಲಿ ವಾಲಗದವರು ಕೂತಿದ್ದರು, ನೀರಿನ ಮೇಲೆ ವಾಲಗದ ಸದ್ದು ಬೇರೆಯೇ ಥರ ಕೇಳಿಸುತ್ತಿತ್ತು, ತನ್ನ ಹೊಸ ಸೀರೆಯ ಅಂಚು ಒದ್ದೆಯಾಗಿತ್ತು, ಯಾರೋ ಗದರಿದ್ದರು, ಆ ಗದರಿಕೆಗೆ ಪಕ್ಕದಲ್ಲಿದ್ದ ಹುಡುಗ, ಗಂಡ ಅಂದರೆ ಆ ಹುಡುಗನೇ, ನಕ್ಕಿದ್ದ. ನಗು ಕೇಳಿಸಿತ್ತು, ತಲೆ ಎತ್ತಿ ನೋಡಿರಲಿಲ್ಲ. ಎರಡು ವರ್ಷಕ್ಕೆ ಅದೇ ಕಡವಿನಲ್ಲಿ ಅಣ್ಣನ ಜೊತೆ ತಿರುಗಿ ಬಂದರು. ಆ ದೋಣಿಯವನೇ ಹುಟ್ಟು ಹಾಕುತ್ತಿದ್ದನಂತೆ. ಅವನು ಗುರುತು ಹಿಡಿದು, ಕೂಲಿ ಬೇಡ ಎಂದನಂತೆ.

ಮಾಬುಕಳದ ನೀರನ್ನು ಮಧ್ಯಾಹ್ನ ಅಷ್ಟು ಹೊತ್ತು ನೋಡಿದ್ದು ಏಕೆಂದು ಆಗ ಹೊಳೆಯಿತು. ಅತ್ತೆ ಮೂಗು ಏರಿಸಿಕೊಳ್ಳುತ್ತಿದ್ದರು. ಸಣ್ಣಜ್ಜಿ ಅಳಲಿಲ್ಲ. ಅವರ ಮನಸ್ಸು ಆಗಲೇ ಬೇರೆ ಕಡೆ ಹೋಗಿತ್ತು. ಕೋಟ ಮೂರುಕೈ ಬಂದಾಗ ಅವರೇ ಒಂದು ಪ್ರಶ್ನೆ ಎತ್ತಿದರು: “ಕಾರಂತ್ರಿಗೆ ಇದೆಲ್ಲ ಯಾರ್ ಹೇಳ್ರ್?”

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರ ತಂಗಿ ಸರಸೋತಿ, ಅವಳೂ ವಿಧವೆ. ಮನೆಯ ಬೆನ್ನೆಲುಬೇ ಅವಳು. ಹಾಗಾದರೆ ನಮ್ಮ ಮನೆಗಳ ಹಿಂಬದಿಯಲ್ಲಿ ಸವೆದುಹೋದ ಹೆಂಗಸರನ್ನು ಕಾರಂತರು 1940ರ ದಶಕದ ಮೊದಲಿಗೊಮ್ಮೆ, 1968ರಲ್ಲಿ ಮತ್ತೊಮ್ಮೆ ಮುಂಬಾಗಿಲಿಗೆ ಕರೆತಂದು ಕೂರಿಸಿದ್ದಾರೆ. ಇಷ್ಟನ್ನು ತಿಳಿಯಬೇಕಾದರೆ ಎಂದೋ ಯಾವುದೋ ಅಡಿಗೆಮನೆಯ ಹೊಸ್ತಿಲಲ್ಲಿ ಆ ಸಿಟ್ಟಿನ ಮನುಷ್ಯ ಸುಮ್ಮನೆ ಕೂತು ಕೇಳಿರಬೇಕು. ಮೂಕಿಚಿತ್ರಗಳ ಕಾಲದಲ್ಲೇ ‘ಡೊಮಿಂಗೊ’, ‘ಭೂತರಾಜ್ಯ’ ಎಂದು ಕ್ಯಾಮೆರಾ ಹಿಡಿದವರು ಅವರು. 1978ರಲ್ಲಿ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ತಾವೇ ‘ಮಲೆಯ ಮಕ್ಕಳು’ ಎಂದು ತೆರೆಗೆ ತಂದರು. ಮೂಕಜ್ಜಿಯನ್ನು ಅವರೇ ಚಿತ್ರ ಮಾಡಿದ್ದರೆ ಹೇಗಿರುತ್ತಿತ್ತೋ. ನನ್ನ ಊಹೆಯಲ್ಲಿ ಅವರು ಕನಸುಗಳನ್ನೇ ಹಿಗ್ಗಿಸುತ್ತಿದ್ದರು. ಶೇಷಾದ್ರಿಯವರು ಅಜ್ಜಿಯನ್ನೂ ಮೊಮ್ಮಗನನ್ನೂ ಎದುರುಬದುರು ಕೂರಿಸಿದ್ದರಿಂದ ನಮ್ಮ ಮನೆಗೆ ಆದ ಉಪಕಾರ ದೊಡ್ಡದು.

ಮುಂದಿನ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಎಲ್ಲರೂ ಮನೆಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಸಣ್ಣಜ್ಜಿ ಜಗಲಿಗೆ ಬಂದು ಕೂರುವುದು ರೂಢಿಯಾಯಿತು. ಅಡಿಗೆಮನೆಯ ಬಾಗಿಲು ಬಿಟ್ಟು, ಜಗಲಿಗೆ. ನಾನು ‘ಮೂಕಜ್ಜಿಯ ಕನಸುಗಳು’ ಗಟ್ಟಿಯಾಗಿ ಓದುತ್ತಿದ್ದೆ. ಅವರು ನಡುನಡುವೆ ತಡೆದು ತಕರಾರು ಎತ್ತುತ್ತಿದ್ದರು. ಬೌದ್ಧರು, ಸನ್ಯಾಸಿಗಳ ಭಾಗ ಬಂದರೆ ಬೇಗ ಬೇಗ ಓದು ಎನ್ನುವರು. ಬದುಕಿನಲ್ಲಿ ನೊಂದ ಹೆಂಗಸು ನಾಗಿಯ ಭಾಗ ಬಂದರೆ ಮತ್ತೊಮ್ಮೆ ಓದಿಸುವರು. ಊರಿನಲ್ಲಿ ಅಂಥ ಹೆಂಗಸರು ಯಾರಿದ್ದರು, ಅವರ ಮಕ್ಕಳು ಎಲ್ಲಿಗೆ ಹೋದರು ಎಂದು ಒಂದಕ್ಕೊಂದು ಕೂಡಿಸಿ ಹೇಳುವರು. ಅಣ್ಣನ ಮಗ ಮೊಬೈಲಿನಲ್ಲಿ ಅದನ್ನೆಲ್ಲ ರೆಕಾರ್ಡ್ ಮಾಡತೊಡಗಿದ. ಮಾಯಾಶಕ್ತಿಯ ಶಾಲೆಯ ಪ್ರಶ್ನೆ ಅವನಿಗೆ ಮರೆತುಹೋಗಿರಲಿಲ್ಲ. ಅದರ ಜೊತೆಗೆ ಈಗ ದೋಣಿ ಎಷ್ಟು ಉದ್ದ ಇತ್ತು, ಎಷ್ಟು ಜನ ಹಿಡಿಯುತ್ತಿದ್ದರು ಎಂಬ ಪ್ರಶ್ನೆಗಳೂ ಸೇರಿದ್ದವು. ಸಣ್ಣಜ್ಜಿ ಪ್ರತಿಯೊಂದಕ್ಕೂ ಉತ್ತರ ಕೊಡುತ್ತಿದ್ದರು, ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲೆ” ಎನ್ನುತ್ತಿದ್ದರು.

ಕಾದಂಬರಿ ಮುಗಿದ ಮರುದಿನವೇ ‘ಮರಳಿ ಮಣ್ಣಿಗೆ’ ತೆಗೆಯಲು ಹೇಳಿದರು. ಅದನ್ನು ಓದುತ್ತ ಹೋದ ಹಾಗೆ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯ ಬಂತು. ಅವರಿಗೆ ಸರಸೋತಿಯೇ ಹೆಚ್ಚು. ಅವಳು ಕನಸು ಕಾಣುವುದಿಲ್ಲ, ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ದುಡಿಯುತ್ತಾಳೆ, ಅಣ್ಣನಿಗೆ ಎದುರು ಮಾತಾಡುತ್ತಾಳೆ. ಮೂಕಜ್ಜಿಗೆ ದುಡಿತ ಕಡಿಮೆ, ಅದಕ್ಕೇ ಅಷ್ಟು ಮಾತು ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಮೂಕಜ್ಜಿ ಇಲ್ಲದಿದ್ದರೆ ನಾವು ಆ ಕಾರು ಹತ್ತುತ್ತಿರಲಿಲ್ಲ ಎಂದು ನಾನು ಹೇಳಿದೆ. ಹತ್ತದಿದ್ದರೂ ತಾನು ಹೇಳುತ್ತಿದ್ದೆ, ಕೇಳುವವರು ಬೇಕಿತ್ತು ಎಂದು ಅವರು ಹೇಳಿದರು.